ಯಾವ ಗುಬ್ಬಿ?

ನಮ್ಮ ಗುಂಪಿಗೆ ಹೆಸರಿರಲಿಲ್ಲ. ಭಾನುವಾರ ಮಾತ್ರ ಕಾಣಿಸಿಕೊಳ್ಳುತ್ತಿದ್ದುದರಿಂದ ಜನರೇ ನಮ್ಮನ್ನು ‘ಭಾನುವಾರದೋರು’ ಎಂದು ಕರೆಯುತ್ತಿದ್ದರು. ತುಮಕೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರೊಬ್ಬರು ನಮ್ಮ ಮುಖಂಡರು. ಮುಖಂಡರೆಂದರೆ, ಸ್ಕೂಟರ್ ಅವರದು. ಗಿಡ ನೆಡುವುದು, ಕೆರೆಯಂಚಿನ ಕಸ ಹೆಕ್ಕುವುದು, ಬೇಸಿಗೆಯಲ್ಲಿ ನೆಟ್ಟ ಗಿಡಕ್ಕೆ ನೀರು ಹೊರುವುದು, ಇಷ್ಟೇ ನಮ್ಮ ಕೆಲಸ. ಸನ್ಮಾನ, ಹಾರ, ಪೇಪರಿನಲ್ಲಿ ಫೋಟೋ ಯಾವುದೂ ಇರಲಿಲ್ಲ. ಮನೆಯಲ್ಲಿ ಬೈಗುಳ ಮಾತ್ರ ವಾರವಾರವೂ ತಪ್ಪದೆ ಸಿಗುತ್ತಿತ್ತು.

ಹೇಳಿಕೊಳ್ಳುವಂಥ ಸಾಧನೆಯೂ ನಮ್ಮದಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಕುಣಿಗಲ್ ಕೆರೆಯ ಹತ್ತಿರ ನೇರಳೆ, ಬಸರಿ ಸಸಿಗಳನ್ನು ನೆಟ್ಟು ಬಂದೆವು. ಮುಂದಿನ ಭಾನುವಾರ ಹೋಗಿ ನೋಡಿದರೆ ಆಸರೆಗೆ ಊರಿದ್ದ ಕೋಲುಗಳಿದ್ದವು, ಸಸಿಗಳಿರಲಿಲ್ಲ. ಅಲ್ಲೇ ಮೇಕೆ ಮೇಯಿಸುತ್ತಿದ್ದ ಅಜ್ಜಿ ನಮ್ಮನ್ನು ಕಂಡು ಎದ್ದು ಬಂದಳು.

“ನೀವೇನಾ ಸ್ವಾಮಿ ಗಿಡ ನೆಟ್ಟೋರು?”

“ಹೌದಜ್ಜಿ.”

“ಶ್ಯಾನೆ ಚೆನ್ನಾಗಿದ್ವು. ನಮ್ ಮೇಕೆ ಮನೆ ಕಡೀಕೆ ಬರೋದೇ ಮರೆತ್ಬುಟ್ಟವೆ. ಇನ್ನೊಂದಿಷ್ಟು ನೆಡಿ, ಪುಣ್ಯ ಬರ್ತದೆ.”

ಮೇಷ್ಟ್ರು ಸ್ಕೂಟರಿನ ಮೇಲೆ ತುಮಕೂರು ಮುಟ್ಟುವವರೆಗೂ ನಗುತ್ತಿದ್ದರು. ದೇವರಾಯನದುರ್ಗದಲ್ಲಿ ಮೂಟೆಗಟ್ಟಲೆ ಪ್ಲಾಸ್ಟಿಕ್ ಹೆಕ್ಕಿ, ಮೂಟೆಗಳನ್ನು ಸಾಲಾಗಿ ಇಟ್ಟು, ಟೀ ಕುಡಿದು ಬರುವಷ್ಟರಲ್ಲಿ ಕೋತಿಗಳು ಎಲ್ಲವನ್ನೂ ಹರಿದು ಮೊದಲಿಗಿಂತ ಹೆಚ್ಚು ದೂರ ಹರಡಿದ್ದವು. ಅವತ್ತೂ ಅವರು ನಕ್ಕಿದ್ದರು. ನಾನು ಅಷ್ಟು ಸುಲಭವಾಗಿ ನಗುವವನಲ್ಲ. ಆದರೂ ಪ್ರತಿ ಭಾನುವಾರ ಹೋಗುತ್ತಿದ್ದೆ.

ಆಗ ನಾನು ಗುಬ್ಬಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದೆ. ಮನೆ ತುಮಕೂರಿನಲ್ಲಿ. ಬೆಳಿಗ್ಗೆ ರೈಲು, ಸಂಜೆ ಸಿಕ್ಕಿದ ಬಸ್ಸು. ಎಕ್ಸ್‌ಚೇಂಜಿನಿಂದ ಬಸ್‌ಸ್ಟ್ಯಾಂಡಿಗೆ ನಡೆಯುವ ದಾರಿಯಲ್ಲಿ ಒಂದು ಹಿಟ್ಟಿನ ಮಿಲ್ಲಿತ್ತು. ಮಿಲ್ಲಿನ ಪಕ್ಕ ಒಂದು ಖಾಲಿ ಸೈಟು. ಆ ಸೈಟಿನ ರಸ್ತೆ ಕಡೆಯ ಮೂಲೆಯಲ್ಲಿ ಒಣಗಿ ನಿಂತ ಮರವೊಂದನ್ನು ಕಾಗದದ ಹೂವಿನ ಬಳ್ಳಿ ಅಡಿಯಿಂದ ಮುಡಿಯವರೆಗೆ ಹೊದ್ದುಕೊಂಡಿತ್ತು. ಒಳಗೆ ಮರವಿದೆ ಎಂಬುದು ಗೊತ್ತಾಗದಷ್ಟು ದಟ್ಟವಾದ ಬಳ್ಳಿ. ಹೊರಗೆಲ್ಲ ಹೂವು, ಒಳಗೆಲ್ಲ ಮುಳ್ಳು. ಆ ಮುಳ್ಳಿನೊಳಗೆ ಊರಿನ ಗುಬ್ಬಚ್ಚಿಗಳೆಲ್ಲ ರಾತ್ರಿ ತಂಗುತ್ತಿದ್ದವು.

ಹೊತ್ತು ಇಳಿಯುವ ಮೊದಲು ಅವು ನಾಲ್ಕೂ ದಿಕ್ಕಿನಿಂದ ಸಣ್ಣ ಸಣ್ಣ ಗುಂಪಾಗಿ ಬರುತ್ತಿದ್ದವು. ಮೊದಲು ಮಿಲ್ಲಿನ ಹೆಂಚಿನ ಮೇಲೆ, ಆಮೇಲೆ ಕರೆಂಟ್ ತಂತಿಯ ಮೇಲೆ, ಆಮೇಲೆ ಬಳ್ಳಿಯೊಳಕ್ಕೆ. ಒಳಗೆ ಹೋದ ಮೇಲೆ ಜಾಗಕ್ಕಾಗಿ ಜಗಳ. ಸೀಟು ಹಿಡಿಯಲು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುವ ಗಲಾಟೆಯೇ ಅದು. ಆಮೇಲೆ ಸ್ವಿಚ್ ಆರಿಸಿದ ಹಾಗೆ ಎಲ್ಲವೂ ಒಟ್ಟಿಗೆ ಸುಮ್ಮನಾಗುತ್ತಿದ್ದವು. ತುಮಕೂರಿನ ನಮ್ಮ ಬೀದಿಯಲ್ಲಿ ಗುಬ್ಬಚ್ಚಿ ಕಾಣದೆ ಎಷ್ಟೋ ಕಾಲವಾಗಿತ್ತು. ಮೇಷ್ಟ್ರಿಗೆ ಹೇಳಿದೆ. ಅವರು ಒಂದು ಸಂಜೆ ಚಿತ್ರ ಬಿಡಿಸಲೆಂದು ಬಂದರು. ಪೆನ್ಸಿಲ್ ತೆಗೆಯದೆ, ಬಾಯಿ ತೆರೆದುಕೊಂಡು ನಿಂತಿದ್ದು ವಾಪಸಾದರು.

ಮಿಲ್ಲು ನಡೆಸುತ್ತಿದ್ದ ಹೆಂಗಸನ್ನು ಊರೆಲ್ಲ ಮಿಲ್ಲಿನಕ್ಕ ಎನ್ನುತ್ತಿತ್ತು. ಹುಬ್ಬು, ರೆಪ್ಪೆ, ಬಳೆ ಎಲ್ಲದರ ಮೇಲೂ ಸದಾ ರಾಗಿ ಹಿಟ್ಟು. ಆಕೆಯ ಮಿಲ್ಲಿಗೊಂದು ಕಟ್ಟಳೆಯಿತ್ತು. ಹಕ್ಕಿಗಳು ತಂತಿಯ ಮೇಲೆ ಕೂತ ಕೂಡಲೇ ಮೋಟರ್ ಬಂದ್. ಮೋಟರಿನ ಸದ್ದಿಗೆ ಅವು ಕೆಳಗಿಳಿಯುವುದಿಲ್ಲ ಎಂಬುದು ಆಕೆಯ ಅನುಭವ. ಗಿರಾಕಿ ರಾಗಿ ಚೀಲ ತಲೆಯ ಮೇಲಿಂದ ಇಳಿಸುತ್ತಿದ್ದರೂ ಅಷ್ಟೆ.

“ಇದೊಂದ್ ಹಾಕ್ಬುಡಕ್ಕ, ಮನೇಲಿ ಮುದ್ದೇಗೆ ಹಿಟ್ಟಿಲ್ಲ.”

“ನಿಮ್ಮನೇಲಿ ಇವತ್ತು ಅನ್ನ ಉಣ್ಣಿ. ಅವು ಮನಿಕ್ಕೊಳ್ಳೋ ಹೊತ್ತು.”

ಒಮ್ಮೆ ನಾನು, ಇವುಗಳ ಮೇಲೆ ನಿಮಗೇಕೆ ಇಷ್ಟು ಅಕ್ಕರೆ ಎಂದು ಕೇಳಿದೆ. ಜರಡಿ ಕೊಡವುತ್ತಾ ಹೇಳಿದರು: “ಅಮೃತೂರಿಂದ ಮದ್ವೆಯಾಗಿ ಬಂದಾಗ ಈ ಊರಲ್ಲಿ ನಂಗೆ ಒಬ್ರೂ ಗೊತ್ತಿರ್ಲಿಲ್ಲ ಸಾರ್. ತವರಿಂದ ಒಂದ್ ಕಡ್ಡಿ ಮುರ್ಕೊಂಡ್ ಬಂದು ಅಲ್ಲಿ ಚುಚ್ಚಿದ್ದೆ. ಆವಾಗ ಆ ಸೈಟು ಯಾರ್ದೋ, ಏನೋ. ಬಳ್ಳಿ ಬಂತು, ಅದ್ರ ಹಿಂದೆ ಇವು ಬಂದ್ವು. ಸಾಯಂಕಾಲ ಮಾತಾಡೋಕೆ ನಂಗಿದ್ದೋರು ಇವ್ರೇಯ.” ಆಮೇಲೆ ನಗುತ್ತಾ ಸೇರಿಸಿದರು: “ನಮ್ಮೆಜಮಾನ್ರು ಮಾತಾಡೋಕೆ ಶುರು ಮಾಡೋ ಹೊತ್ಗೆ ಇವು ಮರಿ ಮೊಮ್ಮಕ್ಕಳು ಕಂಡಿದ್ವು.”

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಸಂಕ್ರಾಂತಿ ಕಳೆದಿತ್ತು. ಊರಿನ ಜವಳಿ ಅಂಗಡಿಯ ಯಜಮಾನರು ಆ ಖಾಲಿ ಸೈಟನ್ನು ಕೊಂಡು, ಹೊಸ ಅಂಗಡಿ ಕಟ್ಟಲು ಹೊರಟರು. ಯಾವಾಗಲೂ ಬಿಳಿ ಪಂಚೆ, ಬಿಳಿ ಅಂಗಿ, ಊರಿನ ಯಾವ ಕಾರ್ಯಕ್ಕೂ ಮುಂದೆ ನಿಲ್ಲುವವರು, ಕೆಟ್ಟವರಲ್ಲ. ಸೋಮವಾರ ಆಳುಗಳು ಬಂದು ಸೈಟು ಕ್ಲೀನ್ ಮಾಡುತ್ತಾರೆ ಎಂದು ತಿಳಿದು ಮಿಲ್ಲಿನಕ್ಕ ಅವರ ಅಂಗಡಿಗೇ ಹೋದರು. ಮೂಲೆಯ ಬಳ್ಳಿಯೊಂದನ್ನು ಬಿಟ್ಟು ಹಿಂದಕ್ಕೆ ಕಟ್ಟಿಕೊಳ್ಳಿ ಎಂದು ಕೇಳಿದರು.

“ಅಕ್ಕ, ಅಂಗ್ಡಿಗೆ ಮೂಲೇನೇ ಮುಖ. ಮುಖ ಕುಯ್ಕೊಂಡು ಯಾಪಾರ ಮಾಡಕ್ಕಾಯ್ತದಾ?” ಎಂದರಂತೆ ಯಜಮಾನರು. “ಹಕ್ಕಿಗೇನು, ರೆಕ್ಕೆ ಐತೆ. ಇನ್ನೊಂದ್ ಕಡೆ ಹೋಗ್ತವೆ ಬುಡು.”

ಶನಿವಾರ ಮಧ್ಯಾಹ್ನ ಇದನ್ನು ನನಗೆ ಹೇಳುವಾಗ ಆಕೆ ಎಂದಿನಂತೆ ತಮಾಷೆ ಮಾಡಲಿಲ್ಲ. ಮೋಟರ್ ನಿಂತಿತ್ತು. ಹಕ್ಕಿಗಳು ಬರುವ ಹೊತ್ತು ಇನ್ನೂ ದೂರವಿತ್ತು.

ಆ ಸಂಜೆಯೇ ಮೇಷ್ಟ್ರ ಮನೆಗೆ ಹೋದೆ. ಅವರ ಉಪಾಯ ಸರಳವಾಗಿತ್ತು. ನಾಳೆ ಸಂಜೆ ಊರಿನ ಜನರನ್ನು ಬಳ್ಳಿಯ ಹತ್ತಿರ ಕರೆಯುವುದು, ಹಕ್ಕಿ ಬಂದು ತಂಗುವುದನ್ನು ತೋರಿಸುವುದು, ಯಜಮಾನರನ್ನೂ ಕರೆಯುವುದು. ಹತ್ತು ಹದಿನೈದು ಜನ ಬಂದರೂ ಸಾಕು, ನೋಡಿದವರು ಕಡಿಯಲು ಬಿಡುವುದಿಲ್ಲ ಎಂದರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ ಹಾಕಿ ಪೋಸ್ಟರ್ ಬರೆಯಲು ಕುಳಿತೆವು. ಒಂದಕ್ಕೆ ಮಾತ್ರ ಹಕ್ಕಿಯ ಚಿತ್ರ ಬಿಡಿಸಿದರು, ಬಲು ಚಂದದ ಚಿತ್ರ. ಉಳಿದವಕ್ಕೆ ಬರಿಯ ಅಕ್ಷರ ಸಾಕೆಂದರು. ‘ಗುಬ್ಬಚ್ಚಿ’ ಎಂದು ಬರೆಯಬೇಕೇ ಎಂದು ನಾನು ಕೇಳಿದೆ.

“ಗುಬ್ಬಚ್ಚಿ ಮಕ್ಕಳ ಮಾತಾಯ್ತು. ಎರಡೆರಡು ಒತ್ತು ಬೇರೆ, ಅಕ್ಷರ ಸಣ್ಣದು ಮಾಡಬೇಕಾಗುತ್ತೆ. ದಪ್ಪಗೆ ಬರೆದರೆ ದೂರಕ್ಕೂ ಕಾಣುತ್ತೆ,” ಎಂದು ಮೇಷ್ಟ್ರು ಕೆಂಪು ಬಣ್ಣದಲ್ಲಿ ಹೀಗೆ ಬರೆದರು:

ಗುಬ್ಬಿ ಉಳಿಸಿ! ನಾಳೆಗೆ ಗುಬ್ಬಿ ಇರುವುದಿಲ್ಲ! ಇಂದು ಸಂಜೆ ಐದಕ್ಕೆ ಹಿಟ್ಟಿನ ಮಿಲ್ಲಿನ ಹತ್ತಿರ ಎಲ್ಲರೂ ಬನ್ನಿ.

ನಮ್ಮಿಬ್ಬರಿಗೂ ಅದು ಚೆನ್ನಾಗಿದೆ ಎನ್ನಿಸಿತು. ಭಾನುವಾರ ಬೆಳಿಗ್ಗೆ ಗುಬ್ಬಿಯ ಬಸ್‌ಸ್ಟ್ಯಾಂಡು, ಹೋಟೆಲು, ಕಟಿಂಗ್ ಶಾಪುಗಳ ಗೋಡೆಗಳಿಗೆ ಮೈದಾ ಅಂಟು ಬಳಿದು ಪೋಸ್ಟರ್ ಹಚ್ಚಿದೆವು. ಚಿತ್ರವಿದ್ದ ಒಂದನ್ನು ಬಸ್‌ಸ್ಟ್ಯಾಂಡಿನಲ್ಲಿ ಹಚ್ಚಿದ್ದೆವು. ಹಿಂತಿರುಗಿ ನೋಡುವಷ್ಟರಲ್ಲಿ ಯಾರೋ ಮೆಚ್ಚಿಕೊಂಡು, ಅಂಟು ಒಣಗುವ ಮೊದಲೇ ಬಿಡಿಸಿಕೊಂಡು ಹೋಗಿದ್ದರು.

ಮಿಲ್ಲಿನಕ್ಕ ಬಾಗಿಲು ತೆರೆಯಲು ಬಂದವರು ತಮ್ಮ ಗೋಡೆಯ ಮೇಲಿನದನ್ನು ಜೋರಾಗಿ ಓದಿದರು. ಮತ್ತೊಮ್ಮೆ ಓದಿದರು.

“ಏನ್ ಮೇಷ್ಟ್ರೇ, ಊರ್ನೇ ಉಳ್ಸಕ್ಕೆ ಹೊಂಟ್ರಾ?”

ಮೇಷ್ಟ್ರು ನಕ್ಕರು. ನಾನೂ ನಕ್ಕೆ. ಗುಬ್ಬಿ ಊರಿನವರು ಹಕ್ಕಿಯನ್ನು ಗುಬ್ಬಿ ಎನ್ನುವುದಿಲ್ಲ, ಗುಬ್ಬಚ್ಚಿ ಎನ್ನುತ್ತಾರೆ. ಗುಬ್ಬಿ ಎಂದರೆ ಅವರಿಗೆ ಊರು, ತಾಲ್ಲೂಕು, ರೈಲ್ವೆ ಸ್ಟೇಷನ್ನು. ಇದು ನನಗೆ ಹೊಳೆದದ್ದು ಸ್ವಲ್ಪ ಹೊತ್ತಾದ ಮೇಲೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ಪಕ್ಕದ ಮೇಜಿನವರು ಮಾತನಾಡುತ್ತಿದ್ದರು.

“ರೈಲು ನಿಲ್ಸಲ್ವಂತೆ ಕಣೋ ಇನ್ಮೇಲೆ. ಸೀದಾ ನಿಟ್ಟೂರಂತೆ.”

“ಯಾವನ್ಲಾ ಅಂದೋನು? ಬೈಪಾಸ್ ಮಾಡ್ತವ್ರೆ, ಬಸ್ಸು ಊರೊಳಕ್ಕೆ ಬರಲ್ಲ. ಅದುಕ್ಕೇ ನಾಳೆಗೆ ಗುಬ್ಬಿ ಇರಲ್ಲ ಅಂತ ಬರ್ದಿರೋದು.”

“ನಿಮ್ಗೆ ಏನೂ ಗೊತ್ತಿಲ್ಲ ಸುಮ್ನಿರ್ರಪ್ಪ,” ಎಂದ ಗಲ್ಲಾದ ಮೇಲಿದ್ದವನು. “ತಾಲ್ಲೂಕ್ ಆಫೀಸು ಚೇಳೂರಿಗೆ ಹೋಯ್ತದೆ.”

ಇಡ್ಲಿಯನ್ನು ಅರ್ಧಕ್ಕೇ ಬಿಟ್ಟೆ. ಅಲ್ಲಿಂದ ಎದ್ದು ಮೇಷ್ಟ್ರನ್ನು ಹುಡುಕಿದೆ. ಪೋಸ್ಟರ್ ಕಿತ್ತುಬಿಡೋಣ ಎಂದೆ. ಕಿತ್ತರೆ ಇನ್ನೂ ಅನುಮಾನ ಬರುತ್ತದೆ, ಸಂಜೆ ನಾನೇ ವಿವರಿಸುತ್ತೇನೆ, ಹೇಗೂ ಹತ್ತು ಹದಿನೈದು ಜನ ತಾನೇ ಎಂದರು ಅವರು.

ಸಂಜೆ ಐದಕ್ಕೆ ಮಿಲ್ಲಿನ ಮುಂದಿನ ರಸ್ತೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತುಂಬಿತ್ತು. ಎಷ್ಟು ಜನ ಎಂದು ಹೇಳಲಾರೆ. ರಸ್ತೆ ಕಾಣುತ್ತಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ಅಂಗಡಿಗಳು ಅರ್ಧ ಶಟರ್ ಎಳೆದಿದ್ದವು. ಚೇಳೂರಿನಿಂದ ಒಂದು ಟೆಂಪೊ ತುಂಬ ಜನ ಬಂದಿದ್ದರು. ಬೆಂಬಲಕ್ಕೆ ಬಂದಿರಾ ಎಂದು ಯಾರೋ ಕೇಳಿದ್ದಕ್ಕೆ, “ಇಲ್ಲ ಕಣಣ್ಣ, ತಾಲ್ಲೂಕ್ ಆಫೀಸು ನಮ್ಗೇ ಕೊಡ್ಲಿ ಅಂತ ಕೇಳಕ್ಕೆ ಬಂದಿದೀವಿ” ಎಂದ ಅವರಲ್ಲೊಬ್ಬ. ಅಲ್ಲಿಂದ ಕೂಗಾಟ ಶುರುವಾಯಿತು.

ಮೇಷ್ಟ್ರು ಮಿಲ್ಲಿನ ಜಗಲಿ ಹತ್ತಿ ಕೈ ಎತ್ತಿದರು. ಅವರ ದನಿ ಕ್ಲಾಸ್‌ರೂಮಿಗೆ ಸಾಲುವಂಥದ್ದು, ಬೀದಿಗೆ ಸಾಲಲಿಲ್ಲ. ಅಷ್ಟರಲ್ಲಿ ಜನ ದಾರಿ ಬಿಟ್ಟರು. ಜವಳಿ ಅಂಗಡಿಯ ಯಜಮಾನರು ಬಂದು ಜಗಲಿಯ ಮೇಲೆ ನಿಂತರು. ಅವರಿಗೆ ಹೇಳಲೆಂದು ನಾನು ಬಾಯಿ ತೆರೆದೆ. ಅವರು ಆಗಲೇ ಭಾಷಣ ಆರಂಭಿಸಿದ್ದರು.

“ನೋಡ್ರಪ್ಪ, ನಾನು ಹುಟ್ಟಿದ್ದು ಗುಬ್ಬೀಲಿ, ಸಾಯೋದೂ ಗುಬ್ಬೀಲಿ! ಗುಬ್ಬೀನ ಮುಟ್ಟಕ್ಕೆ ಯಾವನೇ ಬರ್ಲಿ, ಮೊದ್ಲು ನನ್ನ ದಾಟ್ಕೊಂಡ್ ಹೋಗ್ಬೇಕು! ಗುಬ್ಬಿಗೋಸ್ಕರ ನನ್ನ ಮನೆ, ನನ್ನ ಜಾಗ, ಏನ್ ಬೇಕಾದ್ರೂ ಬಿಟ್ಕೊಡ್ತೀನಿ!”

ಚಪ್ಪಾಳೆ, ಶಿಳ್ಳೆ. ಚೇಳೂರಿನವರೂ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಮಿಲ್ಲಿನಕ್ಕ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ಗುಂಪಿನ ನಡುವಿನಿಂದ ಒಬ್ಬ ಕೇಳಿದ, “ಅದೆಲ್ಲ ಸರಿ, ಗುಬ್ಬಿಗೆ ಏನಾಗ್ತಾ ಐತೆ? ಪೋಸ್ಟರ್ ಹಾಕ್ದೋರು ಹೇಳ್ಳಿ.”

ಮೇಷ್ಟ್ರು ಬಳ್ಳಿಯ ಕಡೆ ಕೈ ತೋರಿಸಿದರು. “ನಾವು ಹೇಳಿದ್ದು ಈ ಗುಬ್ಬಿ. ಹಕ್ಕಿ. ನಾಳೆ ಇದನ್ನ ಕಡೀತಾರೆ.”

ಹತ್ತಿರವಿದ್ದವರು ನಕ್ಕರು. ನಗು ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಸಿಟ್ಟಾಯಿತು. ಅದು ಹೇಗೆ ಬದಲಾಯಿತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮುಂದಿನವರಿಗೆ ಕೇಳಿಸಿದ್ದು ‘ಹಕ್ಕಿ’, ಹಿಂದಿನವರಿಗೆ ಕೇಳಿಸಿದ್ದು ‘ನಾಳೆ ಕಡೀತಾರೆ’ ಇರಬೇಕು. “ಆಟ ಆಡ್ತೀರೇನ್ಲಾ?” ಎಂಬ ಕೂಗು ಬಂತು. ಹಿಂದಿನವರು ಮುಂದಕ್ಕೆ ನುಗ್ಗಿದರು. ಮುಂದಿದ್ದವರಿಗೆ ನಿಲ್ಲಲು ಜಾಗವಿರಲಿಲ್ಲ. ಮೊದಲು ತಳ್ಳಿದವರು ಯಾರೆಂದು ನಾನು ನೋಡಲಿಲ್ಲ. ಮೇಷ್ಟ್ರ ಕನ್ನಡಕ ಜಗಲಿಯಿಂದ ಕೆಳಗೆ ಬಿದ್ದದ್ದನ್ನು ನೋಡಿದೆ. ಅದನ್ನು ಎತ್ತಿಕೊಳ್ಳಲು ಅವರು ಬಗ್ಗಿದ್ದನ್ನು ನೋಡಿದೆ. ಆಮೇಲೆ ಅವರು ಕಾಣಲಿಲ್ಲ. ನನ್ನ ಎದೆ ಗೋಡೆಗೆ ಒತ್ತಿಕೊಂಡಿತ್ತು. ಉಸಿರು ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಗೋಡೆಯ ಮೇಲಿದ್ದ ನಮ್ಮದೇ ಪೋಸ್ಟರಿನ ಕೆಂಪು ಅಕ್ಷರ ನನ್ನ ಕಣ್ಣಿಗೆ ತಾಗುವಷ್ಟು ಹತ್ತಿರವಿತ್ತು. ಇವತ್ತಿಗೂ ಕಿಕ್ಕಿರಿದ ಜಾಗದಲ್ಲಿ ನಾನು ಗೋಡೆ ಕಡೆ ನಿಲ್ಲುವುದಿಲ್ಲ.

ಯಜಮಾನರೇ ಬಗ್ಗಿ, ಮೇಷ್ಟ್ರ ತೋಳು ಹಿಡಿದು ಜಗಲಿಗೆ ಎಳೆದುಕೊಂಡರು. ಕತ್ತು ಹೊರಳಿಸಿ ಅದನ್ನು ಸರಿಯಾಗಿ ನೋಡಿದ್ದೇನೆ. ಆ ಹೊತ್ತಿಗೆ ಅವರಿಗೂ ವಿಷಯ ಅರ್ಥವಾಗಿತ್ತು, ಆದರೂ ಎಳೆದುಕೊಂಡರು.

ಅಷ್ಟರಲ್ಲಿ ಹಕ್ಕಿಗಳು ಬಂದವು.

ಎಂದಿನಂತೆ ಹೆಂಚಿನ ಮೇಲೆ ಕೂರಲಿಲ್ಲ. ತಂತಿಗೆ ಬಂದವು, ಕೂಗಾಟಕ್ಕೆ ಎದ್ದವು. ಮತ್ತೆ ಬಂದವು, ಮತ್ತೆ ಎದ್ದವು. ಹೊಸ ಗುಂಪುಗಳು ಬಂದು ಸೇರಿಕೊಳ್ಳುತ್ತಾ ಹೋದವು. ಬಳ್ಳಿಯ ಮೇಲೆ, ಜನರ ತಲೆಯ ಮೇಲೆ, ಎಲ್ಲವೂ ಒಟ್ಟಿಗೆ ಸುತ್ತು ಹಾಕತೊಡಗಿದವು. ಅಷ್ಟು ಹಕ್ಕಿ ಆ ಬಳ್ಳಿಯಲ್ಲಿ ಹಿಡಿಸುತ್ತಿತ್ತೆಂದು ಅವತ್ತಿನವರೆಗೆ ನನಗೂ ತಿಳಿದಿರಲಿಲ್ಲ. ಬೆಳಕು ಕಡಿಮೆಯಾಗುತ್ತಿತ್ತು. ಮುಂದಿದ್ದ ಕೆಲವರು ತಲೆ ಎತ್ತಿದರು. ಅವರನ್ನು ನೋಡಿ ಹಿಂದಿನವರು ಎತ್ತಿದರು. ನೂಕುವುದು ನಿಂತಿತು.

ಮಿಲ್ಲಿನಕ್ಕ ಜಗಲಿಗೆ ಬಂದರು.

“ಕೂತ್ಕಳ್ರೋ! ನೀವು ನಿಂತಿದ್ರೆ ಇಳಿಯಲ್ಲ ಅವು. ಕತ್ಲಾದ್ರೆ ಕಣ್ಣು ಕಾಣ್ದೆ ಎಲ್ಲೆಲ್ಲಿ ಬೀಳ್ತವೋ. ಕೂತ್ಕಳ್ರಿ!”

“ರೋಡಲ್ಲಾ?” ಎಂದ ಚೇಳೂರಿನವನು.

“ಇಲ್ಲ, ನಿಮ್ಮನೆ ಸೋಫಾ ತರ್ಸ್ತೀನಿ. ಕೂತ್ಕಳಯ್ಯ ಸುಮ್ನೆ!”

ಯಾರೋ ಕಿಸಕ್ಕನೆ ನಕ್ಕರು. ಆದರೆ ಯಾರೂ ಕೂರಲಿಲ್ಲ. ಯಜಮಾನರು ಒಮ್ಮೆ ಮೇಲೆ ನೋಡಿದರು, ಒಮ್ಮೆ ತಮ್ಮ ಬಿಳಿ ಪಂಚೆ ನೋಡಿಕೊಂಡರು. ಜಗಲಿಯಿಂದ ಇಳಿದು, ರಸ್ತೆಯ ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಅವರ ಪಕ್ಕದವರು ಕೂತರು. ಅವರ ಹಿಂದಿನವರು ಕೂತರು. ಗದ್ದೆಯಲ್ಲಿ ಪೈರು ಗಾಳಿಗೆ ಬಾಗುವ ಹಾಗೆ ಆ ಬೀದಿಯ ಜನ ಸಾಲುಸಾಲಾಗಿ ತಗ್ಗುತ್ತಾ ಹೋದರು. ದೂರದಲ್ಲಿ ಒಂದು ಬಸ್ಸು ಹಾರ್ನ್ ಹೊಡೆಯಿತು. “ಆಫ್ ಮಾಡ್ಲಾ!” ಎಂದು ಯಾರೋ ಪಿಸುದನಿಯಲ್ಲಿ ಬೈದರು. ಅದೂ ಸುಮ್ಮನಾಯಿತು.

ಮೊದಲು ಒಂದು ಹಕ್ಕಿ ತಂತಿಯಿಂದ ಬಳ್ಳಿಗೆ ಇಳಿಯಿತು. ಸ್ವಲ್ಪ ಹೊತ್ತು ಅದೊಂದೇ. ಆಮೇಲೆ ಚೀಲದ ಬಾಯಿ ಬಿಚ್ಚಿ ರಾಗಿ ಸುರಿದ ಹಾಗೆ ಎಲ್ಲವೂ ಇಳಿದವು. ಬಳ್ಳಿ ಅಲುಗಿತು. ಒಳಗೆ ಜಗಳ ಶುರುವಾಯಿತು. ರಸ್ತೆಯಲ್ಲಿ ಕೂತವರಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಗೋಡೆಗೆ ಒರಗಿಕೊಂಡೇ ನಿಂತಿದ್ದೆ. ನನ್ನ ಕಾಲ ಬುಡದವರೆಗೂ ಜನ ಕೂತಿದ್ದರು, ಕೂರಲು ಜಾಗವಿರಲಿಲ್ಲ. ಆಮೇಲೆ ಎಂದಿನಂತೆ ಎಲ್ಲವೂ ಒಟ್ಟಿಗೆ ಸುಮ್ಮನಾದವು.

ಜನ ಎದ್ದು, ಹಿಂಭಾಗ ಕೊಡವಿಕೊಂಡು, ಮೆಲ್ಲನೆ ಮಾತನಾಡುತ್ತಾ ಚದುರಿದರು. ಒಬ್ಬ ಹೋಗುತ್ತಾ, “ತಾಲ್ಲೂಕ್ ಆಫೀಸು ಇಲ್ಲೇ ಇರ್ತದೆ ತಾನೇ ಸಾರ್?” ಎಂದು ನನ್ನನ್ನು ಕೇಳಿದ. ಇರುತ್ತದೆ ಎಂದೆ. ನಮ್ಮಿಬ್ಬರನ್ನೂ ಮಿಲ್ಲಿನೊಳಗೆ ಕೂರಿಸಿ ಅಕ್ಕ ನೀರು ಕೊಟ್ಟರು. ಮೇಷ್ಟ್ರ ಕನ್ನಡಕದ ಒಂದು ಗಾಜು ಹೋಗಿತ್ತು. ಉಳಿದೊಂದರಲ್ಲೇ ಅವರು ಯಜಮಾನರನ್ನು ನೋಡುತ್ತಿದ್ದರು. ಯಜಮಾನರು ಬಾಗಿಲಲ್ಲಿ ನಿಂತು ಪಂಚೆಯ ಮಣ್ಣು ಉಜ್ಜುತ್ತಿದ್ದರು, ಅದು ಇನ್ನಷ್ಟು ಹರಡುತ್ತಿತ್ತು.

“ಯಾವ ಗುಬ್ಬಿ ಅಂತ ಬರ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲ ಮೇಷ್ಟ್ರೇ.”

ಆಮೇಲೆ ಮಿಲ್ಲಿನಕ್ಕನ ಕಡೆ ತಿರುಗಿದರು.

“ನನ್ನ ಜಾಗ ಬಿಟ್ಕೊಡ್ತೀನಿ ಅಂದ್ಬುಟ್ಟೆನಲ್ಲಕ್ಕ.”

“ಅಂದ್ರಿ,” ಎಂದರು ಮಿಲ್ಲಿನಕ್ಕ.

“ಇಷ್ಟು ಜನದ ಮುಂದೆ.”

“ಚೇಳೂರೋರ ಮುಂದೂ ಅಂದ್ರಿ.”

ಯಜಮಾನರು ಉಜ್ಜುವುದನ್ನು ಬಿಟ್ಟು ಹೊರಗೆ ಬಳ್ಳಿಯ ಕಡೆ ನೋಡಿದರು. ಕತ್ತಲಲ್ಲಿ ಅದು ಬರಿಯ ಒಂದು ಗುಡ್ಡೆಯಂತಿತ್ತು. ಹಾಗೇ ಹೊರಟರು. ಮಿಲ್ಲಿನಕ್ಕ ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲವಂತೆ.

ಸೋಮವಾರ ನಾನು ರೈಲು ಇಳಿದವನೇ ಎಕ್ಸ್‌ಚೇಂಜಿಗೆ ಹೋಗದೆ ಅಲ್ಲಿಗೆ ನಡೆದೆ. ಆಳುಗಳು ಬಂದಿದ್ದರು. ಸೈಟಿನ ಪೊದೆ, ಲಂಟಾನ, ಪಾರ್ಥೇನಿಯಂ ಎಲ್ಲ ಕಡಿದು ರಾಶಿ ಹಾಕಿದ್ದರು. ಮೂಲೆಯ ಬಳ್ಳಿಯ ಸುತ್ತ ಸುಣ್ಣದ ಪುಡಿಯಲ್ಲಿ ಒಂದು ಸೊಟ್ಟ ಗೆರೆ ಎಳೆದಿತ್ತು. ಗೆರೆಯ ಒಳಗೆ ಒಂದು ಕಡ್ಡಿಯೂ ಮುರಿದಿರಲಿಲ್ಲ. ಮಿಲ್ಲಿನ ಮೋಟರ್ ಜೋರಾಗಿ ಓಡುತ್ತಿತ್ತು. ಒಳಗಿನಿಂದ ಅಕ್ಕ ಹಿಟ್ಟಿನ ಕೈಯೆತ್ತಿ ನನಗೆ ಆ ಗೆರೆ ತೋರಿಸಿದರು.

ಅಂಗಡಿ ಎದ್ದಿತು. ಇಲಿ ಕಚ್ಚಿದ ಬಿಸ್ಕತ್ತಿನಂತೆ ಮೂಲೆ ಇಲ್ಲದ ಅಂಗಡಿ. ಮುಂದೆ ಹಲವು ವರ್ಷ ಊರಿನವರು ಯಜಮಾನರನ್ನು ಛೇಡಿಸಿದರು. ಬಸ್ಸಿನ ಕಂಡಕ್ಟರು “ಗುಬ್ಬಿ, ಗುಬ್ಬಿ” ಎಂದು ಕೂಗಿದರೆ, “ಯಾವ ಗುಬ್ಬಿಯಪ್ಪ?” ಎಂದು ಕೇಳುವುದು ಪಡ್ಡೆಗಳಿಗೆ ಅಭ್ಯಾಸವಾಯಿತು. ಅಂಗಡಿಯ ಮುಂದೆ ನೇತುಹಾಕಿದ ಸೀರೆಗಳ ಮೇಲೆ ಹಕ್ಕಿಗಳು ಹಿಕ್ಕೆ ಹಾಕಿದಾಗಲೆಲ್ಲ ಯಜಮಾನರು ನಮ್ಮನ್ನೂ ನಮ್ಮ ಭಾನುವಾರಗಳನ್ನೂ ಬಾಯಿ ತುಂಬ ಬೈಯುತ್ತಿದ್ದರು.

ವರ್ಗವಾಗಿ ಗುಬ್ಬಿ ಬಿಡುವ ವಾರ ಅವರ ಅಂಗಡಿಗೆ ಹೋಗಿದ್ದೆ. ಸಂಜೆಯಾಗಿತ್ತು. ಒಬ್ಬ ಹೆಂಗಸು ಸೀರೆಗಳನ್ನು ಹರಡಿಸಿಕೊಂಡು ಕೂತಿದ್ದರು. ಯಜಮಾನರ ಕಣ್ಣು ಮಾತ್ರ ಹೊರಗಿನ ತಂತಿಯ ಮೇಲಿತ್ತು. ಇದ್ದಕ್ಕಿದ್ದಂತೆ ಸೀರೆಗಳನ್ನು ಮಡಿಚತೊಡಗಿದರು.

“ಅಯ್ಯೋ, ಇನ್ನೂ ನೋಡ್ಬೇಕಿತ್ತಲ್ಲಣ್ಣ!”

“ನಾಳೆ ಬಾರವ್ವ. ಇನ್ನೊಂದ್ ಗಳಿಗೆ ಬುಟ್ರೆ ಶಟರ್ ಎಳೆಯಕ್ಕಾಗಲ್ಲ. ಗಡಗಡ ಅಂದ್ರೆ ಎಲ್ಲಾ ಎದ್ದೋಗ್ತವೆ.”

ಆ ಹೆಂಗಸು ಏನೂ ಅರ್ಥವಾಗದೆ ಚಪ್ಪಲಿ ಮೆಟ್ಟಿದರು. ಯಜಮಾನರು ಶಟರನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ಸದ್ದಿಲ್ಲದೆ ಕೆಳಗಿಳಿಸಿದರು. ಪಕ್ಕದ ಮಿಲ್ಲಿನಲ್ಲಿ ಮೋಟರ್ ಆಗತಾನೇ ನಿಂತಿತು.